ಭುಜದ ನೋವಿಗೆ ಬರೆಯುವ ಚೀಟಿ

ಕೈ ಮೇಲಕ್ಕೆತ್ತಲು ಆಗುತ್ತಿಲ್ಲ ಎಂದು ಬಂದವರಿಗೆ ಎಷ್ಟೋ ಆಸ್ಪತ್ರೆಗಳಲ್ಲಿ ಸಿಗುವುದು ಐದು ದಿನದ ನೋವಿನ ಮಾತ್ರೆ, ಒಂದು ಮುಲಾಮು, ಚೀಟಿಯ ತುದಿಯಲ್ಲಿ ‘ಫಿಸಿಯೋಥೆರಪಿ, 10 ದಿನ’ ಎಂಬ ಒಂದು ಸಾಲು. ಯಾವ ಕಾಯಿಲೆಗೆ, ಯಾವ ಚಲನೆ ನಿಂತಿದೆ, ಏನು ಮಾಡಬಾರದು, ಎಷ್ಟು ವಾರ ನೋಡಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಆ ಚೀಟಿ ಹಿಡಿದು ಹೋದವರು ಹತ್ತು ದಿನ ಶಾಖ ತೆಗೆದುಕೊಂಡು, ಕರೆಂಟ್ ಕೊಡಿಸಿಕೊಂಡು ಮನೆಗೆ ಬರುತ್ತಾರೆ. ‘ಫಿಸಿಯೋನೂ ಮಾಡಿಸಿದೆ, ಏನೂ ಪ್ರಯೋಜನ ಆಗ್ಲಿಲ್ಲ’ ಅನ್ನುತ್ತಾರೆ. ಅವರಿಗೆ ಸಿಕ್ಕಿದ್ದು ಫಿಸಿಯೋಥೆರಪಿಯ ಅತಿ ಸಣ್ಣ ಭಾಗ. ವ್ಯಾಯಾಮ ಕಲಿಸುವ, ಅದನ್ನು ವಾರದಿಂದ ವಾರಕ್ಕೆ ಹೆಚ್ಚಿಸುವ ಮುಖ್ಯ ಕೆಲಸ ಶುರುವಾಗಿಯೇ ಇರುವುದಿಲ್ಲ.

ಭುಜ ಮತ್ತು ಮೊಣಕೈಯ ವಿಷಯದಲ್ಲಿ ಇಂಥ ಅರೆಬರೆ ಚೀಟಿ ಬಹಳ ದುಬಾರಿ. ‘ಭುಜ ನೋವು’ ಎಂದು ಬಂದ ಮೂವರಲ್ಲಿ ಒಬ್ಬರಿಗೆ ಬೇಕಾಗಿರುವುದು ಮೃದುವಾದ ಚಲನೆ ಮತ್ತು ತಾಳ್ಮೆ, ಇನ್ನೊಬ್ಬರಿಗೆ ಭಾರ ಹೆಚ್ಚಿಸುತ್ತ ಹೋಗುವ ಕಸರತ್ತು, ಮೂರನೆಯವರಿಗೆ ತಡಮಾಡದೆ ಶಸ್ತ್ರಚಿಕಿತ್ಸೆ. ಒಂದೇ ಸಾಲು ಮೂವರಿಗೂ ಹೇಗೆ ಹೊಂದೀತು?

‘ಭುಜ ಹಿಡ್ಕೊಂಡಿದೆ’ ಎಂದು ನಮ್ಮವರು ಹೇಳುವ ಫ್ರೋಜನ್ ಶೋಲ್ಡರನ್ನೇ ನೋಡಿ. 40ರಿಂದ 60ರ ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಮೊದಲು ರಾತ್ರಿ ನೋವು ಕಾಡುತ್ತದೆ, ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಬರಬರುತ್ತಾ ತಲೆ ಬಾಚಲು, ರವಿಕೆಯ ಹಿಂದಿನ ಹುಕ್ಕು ಹಾಕಲು, ಹಿಂಜೇಬಿನಿಂದ ಪರ್ಸ್ ತೆಗೆಯಲು ಕೈ ಹೋಗುವುದಿಲ್ಲ. ಕೀಲನ್ನು ಸುತ್ತುವರಿದ ಪೊರೆ ದಪ್ಪಗಾಗಿ ಕುಗ್ಗುವುದೇ ಇದಕ್ಕೆ ಕಾರಣ. ನೋವಿನ ಹಂತ, ಬಿಗಿತದ ಹಂತ, ಸಡಿಲವಾಗುವ ಹಂತ ಎಲ್ಲ ಸೇರಿ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಹಿಡಿಯುತ್ತದೆ. ಇದನ್ನು ಗುರುತಿಸಲು ಬಹಳ ಸಲ ಸ್ಕ್ಯಾನ್ ಬೇಕಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟುಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಬೇಕು. ರೋಗಿ ತಾನೇ ತಿರುಗಿಸಿದರೂ, ವೈದ್ಯರು ಹಿಡಿದು ತಿರುಗಿಸಿದರೂ ಕೈ ಒಂದೇ ಜಾಗದಲ್ಲಿ ನಿಂತುಬಿಟ್ಟರೆ, ಎಕ್ಸ್‌ರೇಯಲ್ಲಿ ಬೇರೆ ತೊಂದರೆ ಕಾಣದಿದ್ದರೆ, ಇದು ಫ್ರೋಜನ್ ಶೋಲ್ಡರ್. ಕೈಯಿಟ್ಟು ಮಾಡುವ ಈ ಒಂದು ನಿಮಿಷದ ಪರೀಕ್ಷೆಯೇ ಓಪಿಡಿಯ ಗಡಿಬಿಡಿಯಲ್ಲಿ ತಪ್ಪಿಹೋಗುತ್ತದೆ ಎಂಬುದು ನನ್ನನ್ನು ಬಹಳ ನೋಯಿಸುವ ಸಂಗತಿ.

ಸಕ್ಕರೆ ಕಾಯಿಲೆ ಇರುವವರಿಗೆ ಇದು ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು, ಬಂದರೆ ಬಿಡುವುದೂ ನಿಧಾನ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ ಮೇಲೆ ಎಂದು ಅಂದಾಜಿಸಿತು. ಹಾಗಿರುವಾಗ ಹಿಡಿದ ಭುಜದವರನ್ನು ಸಕ್ಕರೆ ಪರೀಕ್ಷೆ ಮಾಡಿಸದೆ ಫಿಸಿಯೋಗೆ ಕಳಿಸುವುದು ಅರ್ಧ ಕೆಲಸ.

ಇಲ್ಲಿ ಇನ್ನೊಂದು ಅಪಾಯವೂ ಇದೆ. ಚೀಟಿಯಲ್ಲಿ ಹಂತ ಯಾವುದೆಂದು ಬರೆದಿರುವುದಿಲ್ಲ. ಬಿಗಿದ ಭುಜವನ್ನು ಬಲವಂತವಾಗಿ ಎಳೆದು ಬಿಡಿಸಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ರೋಗಿ ಕಣ್ಣೀರು ಹಾಕಿದರೆ ಚಿಕಿತ್ಸೆ ನಾಟಿತು ಎಂದು ತಿಳಿಯುವವರಿದ್ದಾರೆ. ನೆದರ್ಲೆಂಡ್ಸ್‌ನಿಂದ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ನೋವಿನ ಮಿತಿಯೊಳಗೇ ಕೈ ಆಡಿಸಿದವರು ಜೋರಾಗಿ ಎಳೆಸಿಕೊಂಡವರಿಗಿಂತ ಚೆನ್ನಾಗಿ ಗುಣವಾದರು. ನೋವಿನ ಹಂತದಲ್ಲಿ ಕೀಲಿನೊಳಗೆ ಒಂದು ಸ್ಟೀರಾಯ್ಡ್ ಚುಚ್ಚುಮದ್ದು, ಜೊತೆಗೆ ಮೃದು ವ್ಯಾಯಾಮ ಕೊಟ್ಟರೆ ಉಪಯೋಗವಿದೆ. ಆದರೆ ಮಧುಮೇಹಿಗಳಿಗೆ ಚುಚ್ಚುಮದ್ದಿನ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ಅದನ್ನು ಮೊದಲೇ ಹೇಳಿರಬೇಕು. ಬ್ರಿಟನ್ನಿನ 35 ಆಸ್ಪತ್ರೆಗಳಲ್ಲಿ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಚುಚ್ಚುಮದ್ದಿನೊಂದಿಗಿನ ಫಿಸಿಯೋಥೆರಪಿಯನ್ನೂ ಅರಿವಳಿಕೆ ಕೊಟ್ಟು ಮಾಡುವ ಎರಡು ವಿಧಾನಗಳನ್ನೂ ಹೋಲಿಸಿತು. ವರ್ಷದ ಕೊನೆಗೆ ಯಾವುದೂ ಇನ್ನೊಂದನ್ನು ಎದ್ದುಕಾಣುವಂತೆ ಮೀರಿಸಲಿಲ್ಲ. ಹಾಗಾದರೆ ಮೊದಲ ದಾರಿ ಯಾವುದಾಗಬೇಕು ಎಂಬುದರಲ್ಲಿ ನನಗಂತೂ ಸಂಶಯವಿಲ್ಲ.

ಭುಜ ನೋವಿನ ಇನ್ನೊಂದು ಮೂಲ, ಭುಜವನ್ನು ತಿರುಗಿಸುವ, ಕೀಲನ್ನು ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪಾದ ರೊಟೇಟರ್ ಕಫ್. ಸುಣ್ಣಬಣ್ಣ ಬಳಿಯುವವರು, ಅಡಿಕೆ ಮರಕ್ಕೆ ದೋಟಿ ಹಿಡಿದು ಔಷಧಿ ಹೊಡೆಯುವವರು, ಗೋಡೆಗೆ ಗಾರೆ ಮೆತ್ತುವವರು ಹೀಗೆ ಕೈ ಮೇಲೆತ್ತಿಯೇ ದುಡಿಯುವವರಿಗೆ ಇದರ ನೋವು ಚಿರಪರಿಚಿತ. ಮೂಳೆ ಕೆರೆದು ಜಾಗ ಮಾಡುವ ಕೀಹೋಲ್ ಶಸ್ತ್ರಚಿಕಿತ್ಸೆ ಒಂದು ಕಾಲಕ್ಕೆ ಇದಕ್ಕೆ ಬಹಳ ನಡೆಯಿತು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಒಂದು ಗುಂಪಿಗೆ ಆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಬರೀ ದುರ್ಬೀನು ಹಾಕಿ ನೋಡಿ ಮುಚ್ಚುವುದನ್ನೂ ಮಾಡಿ ಹೋಲಿಸಿದಾಗ ಎರಡೂ ಒಂದೇ ಆದವು. ನಮ್ಮ ಊರುಗಳಿಗೆ ಅದಕ್ಕಿಂತ ಮುಖ್ಯವಾದ ಸುದ್ದಿ 2021ರದು. ರೊಟೇಟರ್ ಕಫ್ ತೊಂದರೆಯ 708 ಜನರಲ್ಲಿ ಕೆಲವರಿಗೆ ಆರು ಭೇಟಿಗಳವರೆಗಿನ ವ್ಯಾಯಾಮ ಚಿಕಿತ್ಸೆ, ಕೆಲವರಿಗೆ ಫಿಸಿಯೋಥೆರಪಿಸ್ಟ್ ಜೊತೆ ಒಂದೇ ಒಂದು ದೀರ್ಘ ಭೇಟಿ ಮತ್ತು ಮನೆಯಲ್ಲಿ ಮಾಡುವ ಸರಳ ವ್ಯಾಯಾಮ. ವರ್ಷವಿಡೀ ನೋಡಿದಾಗ ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದರು.

ಕೂಲಿ ಬಿಟ್ಟು, ಬಸ್ಸು ಹಿಡಿದು, ತಾಲ್ಲೂಕು ಆಸ್ಪತ್ರೆಗೆ ಹತ್ತು ದಿನ ಬಿಡದೆ ಬರಬೇಕಾದ ಹೆಣ್ಣುಮಗಳಿಗೆ ಇದರ ಅರ್ಥ ದೊಡ್ಡದು. ಮೂರನೇ ದಿನಕ್ಕೆ ಆಕೆ ಬರುವುದು ನಿಲ್ಲಿಸುತ್ತಾಳೆ, ಚಿಕಿತ್ಸೆ ಅರ್ಧಕ್ಕೆ ಬಿಟ್ಟಳು ಎಂಬ ಮಾತು ಅವಳ ಮೇಲೇ ಬರುತ್ತದೆ. ಸತತ ಹತ್ತು ದಿನದ ಕರೆಂಟಿನ ಬದಲು, ಹನ್ನೆರಡು ವಾರಗಳಲ್ಲಿ ಹಂಚಿದ ಮೂರು ನಾಲ್ಕು ಭೇಟಿ, ಪ್ರತಿ ಭೇಟಿಯಲ್ಲೂ ಕೈ ಹಿಡಿದು ಕಲಿಸಿದ ಎರಡು ಮೂರು ವ್ಯಾಯಾಮ, ಅದನ್ನು ಮನೆಯಲ್ಲಿ ಮಾಡಿದರೋ ಇಲ್ಲವೋ ಎಂದು ಕೇಳುವ ಒಂದು ಫೋನು: ಇಷ್ಟು ಸಾಕು. ಇಷ್ಟನ್ನಾದರೂ ನಮ್ಮ ವ್ಯವಸ್ಥೆ ಮಾಡಲೇಬೇಕು.

ಮೊಣಕೈಗೆ ಬಂದರೆ ಟೆನಿಸ್ ಎಲ್ಬೋ. 2004ರಲ್ಲಿ ಸಚಿನ್ ತೆಂಡೂಲ್ಕರ್ ಇದರಿಂದ ಆಟ ಬಿಟ್ಟು ಕೂತಾಗ ಈ ಹೆಸರು ಮನೆಮಾತಾಯಿತು. ಆದರೆ ಇದು ಹೆಚ್ಚಾಗಿ ಕಾಡುವುದು ರ‍್ಯಾಕೆಟ್ ಮುಟ್ಟದವರನ್ನು. ರೊಟ್ಟಿ ಬಡಿಯುವವರು, ಬಟ್ಟೆ ಹಿಂಡುವವರು, ದಿನವಿಡೀ ಸ್ಕ್ರೂಡ್ರೈವರ್ ತಿರುಗಿಸುವವರು. ಮೊಣಕೈಯ ಹೊರಮಗ್ಗುಲಲ್ಲಿ ಮಣಿಕಟ್ಟನ್ನು ಎತ್ತುವ ಸ್ನಾಯುವಿನ ರಜ್ಜು ಸವೆಯುತ್ತದೆ, ಚೊಂಬು ಎತ್ತಿದರೂ ಚಳುಕು. ಇಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದಿನ ಕಥೆ ಭುಜದ್ದಕ್ಕೆ ತದ್ವಿರುದ್ಧ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 198 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚುಚ್ಚುಮದ್ದು ತೆಗೆದುಕೊಂಡವರು ಆರು ವಾರಕ್ಕೆ ಎಲ್ಲರಿಗಿಂತ ಮುಂದಿದ್ದರು. ವರ್ಷ ತುಂಬುವಷ್ಟರಲ್ಲಿ ಫಿಸಿಯೋಥೆರಪಿಯವರಿಗಿಂತಲೂ, ಏನೂ ಮಾಡದೆ ಕಾದವರಿಗಿಂತಲೂ ಹಿಂದೆ ಬಿದ್ದರು. ವಾರದೊಳಗೆ ನೋವು ಹೋಯಿತೆಂದು ಸಂತೋಷಪಡುವ ರೋಗಿಗೆ ಈ ವರ್ಷದ ಲೆಕ್ಕವನ್ನು ಯಾರು ಹೇಳುತ್ತಾರೆ? ಅರ್ಧ ಲೀಟರಿನ ನೀರಿನ ಬಾಟಲಿ ಹಿಡಿದು, ಮುಂಗೈ ಮೇಜಿನ ಮೇಲಿಟ್ಟು, ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮಕ್ಕೆ ಖರ್ಚಿಲ್ಲ. ಕೆಲಸದ ರೀತಿಯನ್ನೂ ಸ್ವಲ್ಪ ಬದಲಿಸಿಕೊಳ್ಳಬೇಕು: ಬಟ್ಟೆಯನ್ನು ಹಿಂಡದೆ ನೀರು ಸೋರಲು ಬಿಡುವುದು, ಭಾರವನ್ನು ಅಂಗೈ ಮೇಲ್ಮುಖವಾಗಿಟ್ಟು ಎತ್ತುವುದು.

ಮೊಣಕೈಯ ಮೂಳೆ ಮುರಿದ ನಂತರದ ಬಿಗಿತ ಬೇರೆಯೇ ಸಂಗತಿ. ಕಟ್ಟು ಬಿಚ್ಚಿದ ಮೇಲೆ ಎಣ್ಣೆ ಹಚ್ಚಿ ಜೋರಾಗಿ ನೀವುವುದು, ಕೈ ಹಿಡಿದು ಎಳೆದು ನೇರ ಮಾಡುವುದು ನಮ್ಮಲ್ಲಿ ವಾಡಿಕೆ. ಪೆಟ್ಟಾದ ಮೊಣಕೈ ಇದನ್ನು ತಾಳುವುದಿಲ್ಲ. ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಕಾಯಂ ಆಗಿ ಬಿಗಿದುಬಿಡಬಹುದು. ಮಕ್ಕಳಲ್ಲಂತೂ ಇದು ಜೀವನಪೂರ್ತಿಯ ನಷ್ಟ. ಮಗು ತಾನಾಗಿ ಆಡಿಸಿದಷ್ಟೇ ಚಲನೆ, ನೀವುವುದು ಬೇಡ ಎಂಬ ಸಾಲು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಇರಲೇಬೇಕು, ಮನೆಯವರಿಗೆ ಬಾಯಿಮಾತಿನಲ್ಲೂ ಹೇಳಬೇಕು.

ಎಲ್ಲರನ್ನೂ ಫಿಸಿಯೋಗೆ ಕಳಿಸಬೇಕೆಂದೂ ಅಲ್ಲ. ಬಿದ್ದ ತಕ್ಷಣ ತೋಳು ಎತ್ತಲಾಗದಿದ್ದರೆ ರಜ್ಜು ಹರಿದಿರಬಹುದು, ಮೂಳೆ ತಜ್ಞರು ಬೇಗ ನೋಡಬೇಕು. ಮೂರ್ಛೆ ಅಥವಾ ವಿದ್ಯುತ್ ಆಘಾತದ ನಂತರ ಬಂದ ಭುಜದ ಬಿಗಿತದಲ್ಲಿ ಕೀಲು ಹಿಂದಕ್ಕೆ ಜಾರಿರಬಹುದು. ಜ್ವರದೊಂದಿಗೆ ಊದಿದ ಕೀಲು, ಬೆಳೆಯುತ್ತಿರುವ ಗಂಟು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ಕುತ್ತಿಗೆಯಿಂದ ಬೆರಳವರೆಗೆ ಇಳಿಯುವ ಜೋಮು ಇವಕ್ಕೆಲ್ಲ ಮೊದಲು ವೈದ್ಯರ ತಪಾಸಣೆ. ಬೆವರು, ಉಸಿರಾಟದ ಕಷ್ಟದೊಂದಿಗೆ ಎಡತೋಳು ನೋಯುತ್ತಿದ್ದರೆ ಅದು ಹೃದಯದ್ದಾಗಿರಬಹುದು, ಒಂದು ಕ್ಷಣವೂ ಕಾಯಬೇಡಿ.

ಫಿಸಿಯೋಥೆರಪಿಸ್ಟ್‌ಗಳು ವರ್ಷಗಟ್ಟಲೆ ಅಂಗರಚನೆ, ಚಲನೆ, ವ್ಯಾಯಾಮವನ್ನೇ ಓದಿ ಬಂದವರು. 2021ರಲ್ಲಿ ಬಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಅವರ ವೃತ್ತಿಗೆ ದೇಶಮಟ್ಟದ ಕಾನೂನಿನ ಚೌಕಟ್ಟು ಕೊಟ್ಟಿದೆ. ಅವರನ್ನು ಯಂತ್ರದ ಗುಂಡಿ ಒತ್ತುವವರಂತೆ ನಡೆಸಿಕೊಳ್ಳುವುದು ನಿಲ್ಲಬೇಕು. ವೈದ್ಯರು ಐದು ಸಾಲು ಬರೆಯಲಿ: ಕಾಯಿಲೆ ಯಾವುದು, ಯಾವ ಹಂತದಲ್ಲಿದೆ, ರೋಗಿಯ ಕೆಲಸವೇನು, ಯಾವುದು ನಿಷಿದ್ಧ, ಸುಧಾರಿಸದಿದ್ದರೆ ಎಷ್ಟು ವಾರಕ್ಕೆ ವಾಪಸು ಕಳಿಸಬೇಕು. ಫಿಸಿಯೋಥೆರಪಿಸ್ಟ್ ಕೂಡ ತಾವು ಕಂಡದ್ದನ್ನು ಬರೆದು ಕಳಿಸಲಿ.

ನಿಮಗಾಗಲಿ, ನಿಮ್ಮ ಅಮ್ಮನಿಗಾಗಲಿ ಅರೆಬರೆ ಚೀಟಿ ಸಿಕ್ಕಿದರೆ ಕುರ್ಚಿಯಿಂದ ಏಳುವ ಮುಂಚೆ ಕೇಳಿ: ಇದು ಏನು ಕಾಯಿಲೆ, ಯಾವ ವ್ಯಾಯಾಮ, ಏನು ಮಾಡಬಾರದು, ಮತ್ತೆ ಯಾವಾಗ ಬರಬೇಕು. ಉತ್ತರವನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳಿ.