‘ನಿಮ್ಮ ಬಗ್ಗೆ ಬರೀರಿ’ ಅಂದ್ರೆ ಏನು ಬರೆಯೋದು? ಕಾಲೇಜ್ ಅಡ್ಮಿಷನ್ ಎಸ್ಸೆ ಬಿಡಿಸಿ ನೋಡೋಣ

ಇವತ್ತಿನ ಎಪಿಸೋಡು ಪಿಯುಸಿ ಓದ್ತಿರೋರಿಗೆ, ಅವರ ಅಣ್ಣ-ಅಕ್ಕಂದಿರಿಗೆ, ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತು ‘ಅದೇನು ಕೇಳ್ತಿದಾರೆ ನೋಡು’ ಅನ್ನೋ ಅಪ್ಪ-ಅಮ್ಮಂದಿರಿಗೆ. ಹೊರದೇಶದ ಕಾಲೇಜುಗಳು, ನಮ್ಮಲ್ಲೂ ಅಶೋಕ ಯೂನಿವರ್ಸಿಟಿಯಂಥ ಕೆಲವು ಕಡೆ, ಮಾರ್ಕ್ಸ್ ಕಾರ್ಡ್ ಜೊತೆಗೆ ಒಂದು ಎಸ್ಸೆ ಕೇಳ್ತಾರೆ. ನಿಮ್ಮ ಬಗ್ಗೆ, ನಿಮ್ಮ ಮಾತಲ್ಲಿ. ಮ್ಯಾಥ್ಸಲ್ಲಿ ನೂರಕ್ಕೆ ನೂರು ತೆಗೆಯೋ ಹುಡುಗರೂ ಇಲ್ಲಿಗೆ ಬಂದಾಗ ತಬ್ಬಿಬ್ಬಾಗ್ತಾರೆ.

ಯಾಕೆ ಅಂತ ಯೋಚನೆ ಮಾಡಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್, ಜೆಇಇ. ಇಷ್ಟೂ ದಾರಿಯಲ್ಲಿ ‘ನೀವು ಯಾರು, ಹೇಗೆ ಯೋಚನೆ ಮಾಡ್ತೀರಿ’ ಅಂತ ಯಾರೂ ಕೇಳಿರಲ್ಲ. ಸಿಇಟಿ ಸೀಟಿಗೆ ಬೇಕಾಗಿರೋದು ರ‍್ಯಾಂಕು, ಸರ್ಟಿಫಿಕೇಟು, ಆಪ್ಷನ್ ಎಂಟ್ರಿ. ಇನ್ನು ನಾವು ಕಲಿತ ಪ್ರಬಂಧ ಅಂದ್ರೆ ‘ಗ್ರಂಥಾಲಯದ ಮಹತ್ವ’: ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಅದರಲ್ಲಿ ‘ನಾನು’ ಅನ್ನೋ ಪದಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ತಬ್ಬಿಬ್ಬಾದ್ರೆ ಅದು ನಿಮ್ಮ ದಡ್ಡತನ ಅಂತ ಅಂದುಕೊಳ್ಳಬೇಡಿ. ಅಭ್ಯಾಸ ಇಲ್ಲ, ಅಷ್ಟೇ.

ಯಾರು ಏನು ಕೇಳ್ತಾರೆ?

‘ಎಸ್ಸೆ’ ಅನ್ನೋ ಒಂದೇ ಹೆಸರಲ್ಲಿ ಬೇರೆ ಬೇರೆ ವಸ್ತು ಓಡಾಡ್ತಿವೆ. ಮೊದಲು ಅದನ್ನ ಬಿಡಿಸಿಕೊಳ್ಳೋಣ.

ಅಮೆರಿಕದ್ದು ‘ಕಾಮನ್ ಆ್ಯಪ್’. ಒಂದೇ ಅರ್ಜಿಯನ್ನ ಹಲವಾರು ಕಾಲೇಜಿಗೆ ಕಳಿಸೋ ವ್ಯವಸ್ಥೆ ಇದು, 1975ರಲ್ಲಿ 15 ಕಾಲೇಜುಗಳು ಸೇರಿ ಶುರು ಮಾಡಿದ್ದು. ಏಳು ಪ್ರಶ್ನೆ ಕೊಡ್ತಾರೆ, ಒಂದನ್ನ ಆರಿಸಿಕೊಂಡು 250ರಿಂದ 650 ಪದಗಳಲ್ಲಿ ಬರೀಬೇಕು. ಏಳನೇದು ‘ನಿಮಗೆ ಇಷ್ಟ ಬಂದ ವಿಷಯ’. ಅಂದ್ರೆ ಪ್ರಶ್ನೆ ಅನ್ನೋದು ನೆಪ ಮಾತ್ರ.

ಕ್ಯಾಲಿಫೋರ್ನಿಯಾದ ಸರ್ಕಾರಿ ಯೂನಿವರ್ಸಿಟಿಗಳು, ಅಂದ್ರೆ ಬರ್ಕ್ಲಿ, ಯುಸಿಎಲ್‌ಎ ಸೇರಿದ ಯುಸಿ ಗುಂಪು, ಕಾಮನ್ ಆ್ಯಪ್ ತಗೊಳ್ಳಲ್ಲ. ಅವರದ್ದೇ ಬೇರೆ ಅರ್ಜಿ. ಎಂಟು ಪ್ರಶ್ನೆಯಲ್ಲಿ ನಾಲ್ಕಕ್ಕೆ ಉತ್ತರ, ಒಂದೊಂದಕ್ಕೆ 350 ಪದದ ಮಿತಿ. ಇಲ್ಲಿ ಕಥೆ ಹೇಳೋ ಶೈಲಿಗಿಂತ ನೇರ ಉತ್ತರ ಚೆನ್ನಾಗಿ ನಡೆಯುತ್ತೆ.

ಬ್ರಿಟನ್ ಪೂರ್ತಿ ಬೇರೆ. ಅಲ್ಲಿ ‘ಯುಕ್ಯಾಸ್’ ಅನ್ನೋ ಸಂಸ್ಥೆ ಮೂಲಕ ಅರ್ಜಿ. ಸ್ಪೇಸ್ ಸೇರಿ 4000 ಅಕ್ಷರ. ಮೊದಲು ಇದು ಒಂದೇ ಉದ್ದದ ಬರಹ ಆಗಿತ್ತು, 2026ರ ಪ್ರವೇಶದಿಂದ ಮೂರು ಪ್ರಶ್ನೆಯಾಗಿ ಒಡೆದಿದ್ದಾರೆ. ಈ ಕೋರ್ಸ್ ಯಾಕೆ? ನಿಮ್ಮ ಓದು ಅದಕ್ಕೆ ಹೇಗೆ ತಯಾರು ಮಾಡಿದೆ? ಕ್ಲಾಸಿನ ಹೊರಗೆ ಏನು ಮಾಡಿದ್ದೀರಿ, ಅದು ಹೇಗೆ ಉಪಯೋಗ? ಒಂದೊಂದಕ್ಕೂ ಕನಿಷ್ಠ 350 ಅಕ್ಷರ. ಅಜ್ಜಿ ನೆನಪಿನ ಕಥೆ ಅಮೆರಿಕಕ್ಕೆ ಸರಿ ಹೋಗಬಹುದು, ಬ್ರಿಟನ್ನಿಗೆ ಅಲ್ಲ. ಅಲ್ಲಿ ಓದೋರು ಆ ವಿಷಯದ ವಿಭಾಗದವರೇ ಇರಬಹುದು. ಅವರಿಗೆ ಬೇಕಾಗಿರೋದು ವಿಷಯದ ಜೊತೆ ನಿಮಗಿರೋ ಸಂಬಂಧ.

ಇನ್ನು ಬಿಇ ಮುಗಿಸಿ ಎಂಎಸ್‌ಗೆ ಹೋಗೋರು ಬರೆಯೋ ಎಸ್‌ಒಪಿ ಇದೆಯಲ್ಲ, ಅದು ಮುಂದೆ ಏನು ಓದ್ತೀನಿ, ಏನು ಕೆಲಸ ಮಾಡ್ತೀನಿ ಅನ್ನೋದರ ಯೋಜನೆ. ಅದಕ್ಕೆ ಇನ್ನೊಂದು ಎಪಿಸೋಡೇ ಬೇಕು, ಇವತ್ತು ಬೇಡ.

ಇದನ್ನ ಕೇಳೋದು ಯಾಕೆ?

ಇದರ ಹಿಂದೆ ಅಷ್ಟೇನೂ ಚೆನ್ನಾಗಿಲ್ಲದ ಒಂದು ಇತಿಹಾಸ ಇದೆ. 1920ರ ದಶಕದ ಹೊತ್ತಿಗೆ ಹಾರ್ವರ್ಡ್‌ನಂಥ ಕಾಲೇಜುಗಳಲ್ಲಿ ಪರೀಕ್ಷೆ ಪಾಸು ಮಾಡಿ ಬರೋ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಏರ್ತಾ ಇತ್ತು. ಅದನ್ನ ತಡೆಯೋಕೆ ‘ಬರೀ ಮಾರ್ಕ್ಸ್ ಸಾಲದು, ವ್ಯಕ್ತಿತ್ವ ನೋಡ್ತೀವಿ’ ಅನ್ನೋ ಪದ್ಧತಿ ತಂದ್ರು. ಜೆರೋಮ್ ಕರಾಬೆಲ್ ಅನ್ನೋ ಸಮಾಜಶಾಸ್ತ್ರಜ್ಞರು 2005ರಲ್ಲಿ ‘ದಿ ಚೋಸನ್’ ಅಂತ ದಪ್ಪ ಪುಸ್ತಕದಲ್ಲಿ ಇದನ್ನೆಲ್ಲ ದಾಖಲೆ ಸಮೇತ ಬರೆದಿದ್ದಾರೆ. ಕೆಲವರನ್ನ ಹೊರಗಿಡೋಕೆ ಮಾಡಿದ ಬಾಗಿಲು ಇದು.

ನೂರು ವರ್ಷದಲ್ಲಿ ಅದೇ ಬಾಗಿಲ ಉಪಯೋಗ ಬದಲಾಯ್ತು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ಯೂನಿವರ್ಸಿಟಿ ಕೇಸಲ್ಲಿ, ಸೀಟು ಕೊಡುವಾಗ ಜನಾಂಗವನ್ನ ಲೆಕ್ಕಕ್ಕೆ ತಗೊಳ್ಳೋ ಪದ್ಧತಿಯನ್ನ ರದ್ದು ಮಾಡ್ತು. ಆದರೆ ತನ್ನ ಜನಾಂಗ ತನ್ನ ಬದುಕಿನ ಮೇಲೆ ಏನು ಪರಿಣಾಮ ಮಾಡಿದೆ ಅಂತ ವಿದ್ಯಾರ್ಥಿ ಎಸ್ಸೆಯಲ್ಲಿ ಬರೆದರೆ, ಅದನ್ನ ಓದೋಕೆ ಅಡ್ಡಿ ಇಲ್ಲ ಅಂತಾನೂ ಹೇಳ್ತು. ಅಲ್ಲಿಂದ ಎಸ್ಸೆಯ ತೂಕ ಇನ್ನೂ ಜಾಸ್ತಿ ಆಯ್ತು.

ನಮ್ಮ ಮನೆಗಳಿಗೆ ಇದು ಯಾಕೆ ಮುಖ್ಯ? ದುಡ್ಡಿನ ವಿಷಯಕ್ಕೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಹೊರದೇಶದ ವಿದ್ಯಾರ್ಥಿಗೂ ಫೀ ಕಟ್ಟೋ ಶಕ್ತಿ ಇದೆಯಾ ಇಲ್ಲವಾ ಅಂತ ನೋಡದೆ ಸೀಟು ತೀರ್ಮಾನ ಮಾಡ್ತವೆ. ಸಿಕ್ಕವರಿಗೆ ಅಗತ್ಯ ಇರೋಷ್ಟು ನೆರವು ಕೊಡ್ತವೆ. ಸಿಗೋದು ಬಹಳ ಕಷ್ಟ. ಆದರೆ ಅಂಥ ಕಡೆ ಮಾರ್ಕ್ಸ್ ಎಲ್ಲರದ್ದೂ ಚೆನ್ನಾಗೇ ಇರುತ್ತೆ, ಒಬ್ಬರಿಂದ ಒಬ್ಬರನ್ನ ಬೇರೆ ಮಾಡಿ ತೋರಿಸೋ ಕೆಲವೇ ವಸ್ತುಗಳಲ್ಲಿ ಎಸ್ಸೆ ಒಂದು.

ತಿಪಟೂರಿನ ಅಟ್ಟ

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ತಿಪಟೂರು ಕಡೆ ಹುಡುಗಿ ಅಂದ್ಕೊಳ್ಳಿ, ಮನೆಯಲ್ಲಿ ತೆಂಗಿನ ತೋಟ. ಎಕನಾಮಿಕ್ಸ್ ಓದಬೇಕು ಅಂತ ಆಸೆ. ಅವಳ ಮೊದಲ ಡ್ರಾಫ್ಟ್ ಹೀಗಿರುತ್ತೆ:

‘ಚಿಕ್ಕ ವಯಸ್ಸಿನಿಂದಲೂ ನನಗೆ ಅರ್ಥಶಾಸ್ತ್ರದಲ್ಲಿ ಅಪಾರ ಆಸಕ್ತಿ. ನನ್ನ ತಂದೆ ರೈತರು. ಅವರ ಕಷ್ಟ ನೋಡಿ ಜೀವನದಲ್ಲಿ ಏನನ್ನಾದರೂ ಸಾಧಿಸಬೇಕೆಂದು ಪಣ ತೊಟ್ಟೆ. ಪರಿಶ್ರಮವೇ ಯಶಸ್ಸಿನ ಗುಟ್ಟು ಎಂದು ಕಲಿತೆ.’

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅವಳ ಹೆಸರು ತೆಗೆದು ಮಂಡ್ಯದ ಹುಡುಗನ ಹೆಸರು ಹಾಕಿದರೂ ನಡೆಯುತ್ತೆ, ಪಂಜಾಬಿನ ಹುಡುಗನದ್ದು ಹಾಕಿದರೂ ನಡೆಯುತ್ತೆ. ಓದಿದವರಿಗೆ ಇವಳ ಬಗ್ಗೆ ಏನೂ ತಿಳಿಯಲಿಲ್ಲ.

ಈಗ ಪಕ್ಕದಲ್ಲಿ ಕೂತು ನಾಲ್ಕು ಪ್ರಶ್ನೆ ಕೇಳಿ. ಮನೆಯಲ್ಲಿ ನೀನು ಏನು ಕೆಲಸ ಮಾಡ್ತೀಯ? ಯಾವ ವಿಷಯಕ್ಕೆ ನಿಮ್ಮಪ್ಪನ ಜೊತೆ ವಾದ ಆಗುತ್ತೆ? ಯಾರೂ ಹೇಳದೆ ನೀನೇ ಲೆಕ್ಕ ಹಾಕಿದ್ದು ಏನಾದ್ರೂ ಇದೆಯಾ? ಇನ್ನೂ ಅರ್ಥ ಆಗದೆ ಉಳಿದಿರೋದು ಯಾವುದು? ಅವಳು ಮಾತಾಡ್ತಾ ಹೋದರೆ ಹೀಗೇನೋ ಬರುತ್ತೆ:

‘ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡೋಕೆ ಕಾಯಿನ ಅಟ್ಟದ ಮೇಲೆ ತುಂಬಿ ತಿಂಗಳುಗಟ್ಟಲೆ ಬಿಡ್ತೀವಿ. ನೀರೆಲ್ಲ ಇಂಗಿ, ಗಿಟುಕು ಚಿಪ್ಪು ಬಿಡುತ್ತೆ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಲೊಟಲೊಟ ಸದ್ದು ಬರುತ್ತೆ, ಅದು ನನಗೆ ಚೆನ್ನಾಗಿ ಗೊತ್ತಾಗುತ್ತೆ. ಆದರೆ ಒಣಗಿದ ಕೂಡಲೇ ಅಪ್ಪ ಮಾರಲ್ಲ. ರೇಟು ಬರ್ಲಿ ತಡಿ ಕಣವ್ವ, ಇನ್ನೊಂದು ಹದಿನೈದು ದಿನ ನೋಡಾನ ಅಂತಾರೆ. ನಾನು ಎರಡು ವರ್ಷ ಮಾರ್ಕೆಟ್ ರೇಟು ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಒಂದ್ಸಲ ಕಾದಿದ್ದಕ್ಕೆ ಲಾಭ ಆಯ್ತು, ಒಂದ್ಸಲ ನಷ್ಟ. ಪಕ್ಕದ ಮನೆ ಮಾವ ಮಾತ್ರ ಎರಡು ವರ್ಷವೂ ಕಾಯಲಿಲ್ಲ. ಅವರಿಗೆ ಸಾಲದ ಕಂತಿತ್ತು, ಹಸಿ ಕಾಯಿನೇ ಮಾರಿಬಿಟ್ರು. ಕಾಯೋಕೆ ಆಗೋದೂ ಒಂದು ಆಸ್ತಿ ಅಂತ ನನಗೆ ಆಗ ಅನ್ನಿಸ್ತು. ಅದು ಯಾವ ಲೆಕ್ಕದ ಪುಸ್ತಕದಲ್ಲೂ ಬರಲ್ಲ.’

ನಾನು ಬಿಕಾಂ ಓದಿದವನು. ದಾಸ್ತಾನು, ರಿಸ್ಕು, ಸಾಲ ಅಂತ ಮೂರು ವರ್ಷ ಪುಸ್ತಕದಲ್ಲಿ ಓದಿದ್ದೆಲ್ಲ ಈ ಒಂದು ಅಟ್ಟದ ಮೇಲಿದೆ. ಇವಳಿಗೆ ಅರ್ಥಶಾಸ್ತ್ರದಲ್ಲಿ ಆಸಕ್ತಿ ಇದೆ ಅಂತ ಈಗ ಯಾರೂ ಹೇಳಬೇಕಾಗಿಲ್ಲ. ‘ಪರಿಶ್ರಮ’ ಅನ್ನೋ ಪದ ಎಲ್ಲೂ ಇಲ್ಲ, ಎರಡು ವರ್ಷದ ನೋಟ್‌ಬುಕ್ ಇದೆ.

ಇದೇ ಸಾಮಗ್ರಿ ಬ್ರಿಟನ್ನಿಗೆ ಹೋಗುವಾಗ ರೂಪ ಬದಲಾಗುತ್ತೆ. ಅಟ್ಟದ ಸದ್ದು ಬೇಡ, ಪಕ್ಕದ ಮನೆ ಮಾವನ ಪ್ರಶ್ನೆ ಸಾಕು: ಸಾಲ ಇರೋ ರೈತ ಬೆಲೆಗಾಗಿ ಕಾಯೋಕೆ ಯಾಕೆ ಆಗಲ್ಲ? ಆ ಪ್ರಶ್ನೆ ಇಟ್ಕೊಂಡು ಅವಳು ಏನು ಓದಿದಳು, ಸ್ಟಾಟಿಸ್ಟಿಕ್ಸ್ ಕ್ಲಾಸಲ್ಲಿ ಕಲಿತದ್ದು ನೋಟ್‌ಬುಕ್ಕಿಗೆ ಹೇಗೆ ಉಪಯೋಗಕ್ಕೆ ಬಂತು, ಅದನ್ನ ಹೇಳಬೇಕು.

ಕಷ್ಟದ ಕಥೆ ಹೇಳಲೇಬೇಕಾ?

ಇದು ನನಗೆ ಅತಿ ಹೆಚ್ಚು ಬರೋ ಪ್ರಶ್ನೆ. ‘ಬಡತನ ಬರೆದ್ರೆ ಸೀಟು ಸಿಗುತ್ತಂತೆ’ ಅನ್ನೋ ಮಾತು ಎಲ್ಲಾ ಕಡೆ ಓಡಾಡ್ತಿದೆ. ಅಪ್ಪನ ಕುಡಿತ, ಅಮ್ಮನ ಕಾಯಿಲೆ, ತೀರಿಹೋದ ತಮ್ಮ. ಹದಿನೇಳು ವರ್ಷದ ಮಕ್ಕಳು ತಮ್ಮ ಮನೆಯ ನೋವಲ್ಲಿ ಯಾವುದು ಹೆಚ್ಚು ‘ವರ್ಕ್’ ಆಗುತ್ತೆ ಅಂತ ಹುಡುಕೋ ಪರಿಸ್ಥಿತಿ ಬಂದಿದೆ. ನನಗೆ ಇದು ಸರಿ ಅನ್ನಿಸಲ್ಲ.

ಕಷ್ಟ ನಿಮ್ಮ ಓದಿಗೆ ಅಡ್ಡ ಬಂದಿದ್ರೆ ಅದನ್ನ ಕಾಲೇಜಿಗೆ ತಿಳಿಸಬೇಕು, ಖಂಡಿತ. ಒಂದು ವರ್ಷ ಮಾರ್ಕ್ಸ್ ಬಿದ್ದಿದ್ದಕ್ಕೆ ಕಾರಣ ಇದ್ದರೆ ಹೇಳಿ. ಅದಕ್ಕೆ ಅಂತ ಕಾಮನ್ ಆ್ಯಪ್‌ನಲ್ಲಿ ಹೆಚ್ಚಿನ ಮಾಹಿತಿ ಕೊಡೋಕೆ ಬೇರೆ ಜಾಗವೇ ಇದೆ. ನಾಲ್ಕು ಸಾಲು, ಏನಾಯ್ತೋ ಹಾಗೆ. ಮುಖ್ಯ ಎಸ್ಸೆಯಲ್ಲಿ ಏನಿರಬೇಕು ಅನ್ನೋದು ನಿಮ್ಮ ಆಯ್ಕೆ. ತೆಂಗಿನಕಾಯಿ ಬಗ್ಗೆ ಬರೆಯಬಹುದು, ಬಸ್ ಟೈಮ್‌ಟೇಬಲ್ ಬಗ್ಗೆ, ಯಕ್ಷಗಾನದ ಚೆಂಡೆ ಪೆಟ್ಟು ಎಣಿಸಿದ್ದರ ಬಗ್ಗೆ ಬರೆಯಬಹುದು.

ಕಷ್ಟವನ್ನೇ ಬರೀತೀನಿ ಅಂದ್ರೆ ಎರಡು ಮಾತು ನೆನಪಿಟ್ಕೊಳ್ಳಿ. ಒಂದು, ಅದು ನಿಮ್ಮೊಬ್ಬರ ಕಥೆ ಅಲ್ಲ. ಅಮ್ಮನ ಕಾಯಿಲೆ ಬರೆಯೋ ಮೊದಲು ಅಮ್ಮನ್ನ ಕೇಳಿ. ಎರಡು, 650 ಪದದಲ್ಲಿ 500 ಪದ ಏನಾಯ್ತು ಅನ್ನೋದಕ್ಕೇ ಹೋದ್ರೆ ನೀವೇನು ಮಾಡಿದ್ರಿ, ಏನು ಯೋಚನೆ ಮಾಡಿದ್ರಿ ಅನ್ನೋದಕ್ಕೆ ಜಾಗ ಉಳಿಯಲ್ಲ. ಓದೋರು ಸೀಟು ಕೊಡೋದು ನಿಮಗೆ, ಘಟನೆಗಲ್ಲ.

ಬೇರೆಯವರ ಕೈಯಲ್ಲಿ ಬರೆಸಿದ್ರೆ?

ದುಡ್ಡು ತಗೊಂಡು ಎಸ್ಸೆ ಬರ್ಕೊಡೋರು ಇದ್ದಾರೆ. ಪುಕ್ಕಟೆ ಬರ್ಕೊಡೋಕೆ ಚಾಟ್‌ಜಿಪಿಟಿ ಇದೆ. ನಿಯಮ ಏನು ಅಂತ ಕೇಳಿ. ಎಐ ಬರೆದದ್ದನ್ನ ನಿಮ್ಮದು ಅಂತ ಕೊಟ್ಟರೆ ಅದನ್ನ ವಂಚನೆ ಅಂತ ಕಾಮನ್ ಆ್ಯಪ್ ತನ್ನ ನಿಯಮದಲ್ಲೇ ಬರೆದಿದೆ. ಯುಕ್ಯಾಸ್‌ನವರು ಬಂದ ಬರಹವನ್ನ ಹಿಂದಿನ ಬರಹಗಳ ಜೊತೆ ಹೋಲಿಸಿ ನೋಡ್ತಾರೆ, ಹೋಲಿಕೆ ಸಿಕ್ಕಿದ್ರೆ ನೀವು ಅರ್ಜಿ ಹಾಕಿದ ಯೂನಿವರ್ಸಿಟಿಗಳಿಗೂ ತಿಳಿಸ್ತಾರೆ. ಒಂದೇ ಟೆಂಪ್ಲೇಟನ್ನ ಹತ್ತು ಜನಕ್ಕೆ ಮಾರೋರ ಹತ್ರ ಹೋದವರ ಗತಿ ಏನಾಗುತ್ತೆ ಯೋಚನೆ ಮಾಡಿ.

ಸಹಾಯವೇ ತಗೋಬಾರದು ಅಂತಲ್ಲ. ನಿಮ್ಮ ಮೇಷ್ಟ್ರು, ಮೇಡಂ, ಕಾಲೇಜಿಗೆ ಹೋಗ್ತಿರೋ ಅಕ್ಕ ಓದಿ ‘ಇದು ಅರ್ಥ ಆಗಲಿಲ್ಲ’, ‘ಇಲ್ಲಿ ಇನ್ನೂ ಹೇಳು’ ಅನ್ನಬಹುದು. ಸ್ಪೆಲ್ಲಿಂಗ್ ತೋರಿಸಬಹುದು. ಪ್ರಶ್ನೆ ಅವರದ್ದಾಗಿರಲಿ, ವಾಕ್ಯ ನಿಮ್ಮದಾಗಿರಲಿ. ದೊಡ್ಡ ಊರಿನ ದುಡ್ಡಿರೋ ಮನೆ ಮಕ್ಕಳಿಗೆ ಇದನ್ನ ಮಾಡೋಕೆ ಕೋಚ್ ಇರ್ತಾರೆ, ಆ ಅನ್ಯಾಯ ಇದ್ದೇ ಇದೆ. ಆದರೆ ಒಳ್ಳೆ ಪ್ರಶ್ನೆ ಕೇಳೋ ಒಬ್ಬ ಮನುಷ್ಯ ಸಿಕ್ಕಿದ್ರೆ ಅರ್ಧ ಕೋಚ್ ಸಿಕ್ಕಂಗೆ.

ಶುರು ಮಾಡೋದು ಹೇಗೆ?

ಕೈಯಲ್ಲಿರೋ ಫೋನಲ್ಲೇ ಶುರು ಮಾಡಿ. ರೆಕಾರ್ಡರ್ ಆನ್ ಮಾಡಿ, ನಿಮ್ಮ ಕನ್ನಡದಲ್ಲಿ, ನಿಮ್ಮೂರ ಕನ್ನಡದಲ್ಲಿ, ಹತ್ತು ನಿಮಿಷ ಮಾತಾಡಿ. ಮೇಲೆ ಹೇಳಿದ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಇಂಗ್ಲಿಷಲ್ಲಿ ನೇರ ಶುರು ಮಾಡಿದ್ರೆ ನಮಗೆ ಬರೋದು ಗೈಡಿನ ಇಂಗ್ಲಿಷು, ಅದರ ಜೊತೆಗೆ ಗೈಡಿನ ಯೋಚನೆ.

ಮಾರನೇ ದಿನ ಕೇಳಿ. ನೀವೇ ‘ಅರೆ’ ಅನ್ನೋ ಜಾಗ ಎಲ್ಲಿದೆಯೋ ಅಲ್ಲಿಂದ ಬರೆಯೋಕೆ ಶುರು ಮಾಡಿ. ಅದನ್ನ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯದಲ್ಲಿ ಇಳಿಸಿ. ಕಷ್ಟದ ಪದ ಬೇಡ. ‘ಅಟ್ಟ’, ‘ಗಿಟುಕು’ ಥರದ ಪದಕ್ಕೆ ಇಂಗ್ಲಿಷ್ ಸಿಗದಿದ್ರೆ ಹಾಗೇ ಇಟ್ಟು, ಪಕ್ಕದಲ್ಲಿ ನಾಲ್ಕು ಪದದಲ್ಲಿ ವಿವರಿಸಿ. ಆಮೇಲೆ ‘ಸಾಧನೆ’, ‘ಛಲ’, ‘ಕನಸು’, ‘ಸ್ಫೂರ್ತಿ’ ಅರ್ಥದ ಪದಗಳನ್ನೆಲ್ಲ ಹುಡುಕಿ ಅಳಿಸಿ. ಆ ಜಾಗದಲ್ಲಿ ನೀವು ಮಾಡಿದ ಒಂದು ಕೆಲಸ ಬರೀರಿ. ಕೊನೇಲಿ ನಿಮ್ಮನ್ನ ಚೆನ್ನಾಗಿ ಬಲ್ಲ ಒಬ್ಬರಿಗೆ ಓದಿ ಹೇಳಿ. ‘ಹೌದು, ನೀನೇ ಮಾತಾಡ್ದಂಗಿದೆ’ ಅಂದ್ರೆ ಸರಿ ದಾರಿಯಲ್ಲಿದ್ದೀರಿ.

ಸಮಯದ ಲೆಕ್ಕವನ್ನೂ ಇಟ್ಕೊಳ್ಳಿ. ಕಾಮನ್ ಆ್ಯಪ್ ಪ್ರತಿ ವರ್ಷ ಆಗಸ್ಟ್ 1ಕ್ಕೆ ತೆರೆಯುತ್ತೆ. ಬೇಗ ಹಾಕೋ ಅರ್ಜಿಗೆ ಹಲವು ಕಡೆ ನವೆಂಬರ್ 1, ಮಾಮೂಲಿಗೆ ಜನವರಿ ಮೊದಲ ವಾರದ ಆಸುಪಾಸು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ ಮಧ್ಯಕ್ಕೇ ಮುಗಿಯುತ್ತೆ. ಇದೆಲ್ಲ ನಿಮ್ಮ ಸೆಕೆಂಡ್ ಪಿಯು ಪಾಠ, ಟೆಸ್ಟು, ಕೋಚಿಂಗ್ ಮಧ್ಯೆಯೇ ಬರುತ್ತೆ. ದಸರಾ ರಜೆಗೆ ನೋಡಿದ್ರಾಯ್ತು ಅಂದ್ಕೊಂಡ್ರೆ ತಡ. ಫಸ್ಟ್ ಪಿಯು ಮುಗಿದ ಬೇಸಿಗೆ ರಜೆಯಲ್ಲಿ ಆ ಹತ್ತು ನಿಮಿಷದ ರೆಕಾರ್ಡಿಂಗ್ ಮಾಡಿಟ್ಕೊಳ್ಳಿ.

ಸೀಟು ಸಿಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಒಳ್ಳೆ ಎಸ್ಸೆ ಬರೆದವರಿಗೂ ಬೇಡ ಅಂತ ಮೇಲ್ ಬರುತ್ತೆ. ಆದರೂ ಆ ಬರಹ ನಿಮ್ಮ ಹತ್ರ ಉಳಿಯುತ್ತೆ, ನಾಳೆ ಇಂಟರ್‌ವ್ಯೂನಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದಾಗ ಬಾಯಿ ಕಟ್ಟಲ್ಲ.

ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಲ್ಲಿ ತಗೋತೀನಿ. ಅಲ್ಲಿವರೆಗೆ, ಸಿಗೋಣ.