ಸಾವಿರದ ಐನೂರು ಜನರ ದ್ವೀಪ: ನೌರುವಿನ ಯುದ್ಧಕಾಲ

ಪೆಸಿಫಿಕ್ ಸಾಗರದ ನಡುವೆ, ಸಮಭಾಜಕ ವೃತ್ತಕ್ಕೆ ತುಸು ದಕ್ಷಿಣಕ್ಕಿರುವ ಒಂಟಿ ದ್ವೀಪ ನೌರು. ವಿಸ್ತೀರ್ಣ 21 ಚದರ ಕಿ.ಮೀ. ತೀರಾ ಹತ್ತಿರದ ನೆಲವೆಂದರೆ ಪೂರ್ವಕ್ಕೆ ಸುಮಾರು 300 ಕಿ.ಮೀ. ದೂರದ ಬನಾಬಾ. ನದಿಯಿಲ್ಲ, ನೀರಿಗೆ ಮಳೆಯೇ ಗತಿ, ಅದೂ ಕೆಲವು ವರ್ಷ ಕೈಕೊಡುತ್ತದೆ. ತೆಂಗು ಬೆಳೆಯುವುದು, ಜನ ಬಾಳುವುದು ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ ಮತ್ತು ಬುವಾಡಾ ಎಂಬ ಕೊಳದ ಸುತ್ತ. ನಡುವಿನ ದಿಬ್ಬದ ತುಂಬ ಫಾಸ್ಫೇಟ್. 1900ರಲ್ಲಿ ಆಲ್ಬರ್ಟ್ ಎಲಿಸ್ ಅದನ್ನು ಗುರುತಿಸಿದ ಮೇಲೆ ದ್ವೀಪದ ಹಣೆಬರಹ ಬದಲಾಯಿತು. ಜರ್ಮನಿಯ ವಸಾಹತಾಗಿದ್ದ ನೌರು ಮೊದಲ ಮಹಾಯುದ್ಧದ ಬಳಿಕ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಉಸ್ತುವಾರಿಗೆ ಬಂತು. ಆಡಳಿತ ನಡೆಸಿದ್ದು ಆಸ್ಟ್ರೇಲಿಯಾ. ಇಲ್ಲಿಯ ಮಣ್ಣು ಹಡಗಿನಲ್ಲಿ ಹೋಗಿ ಆ ದೇಶಗಳ ಹೊಲಗಳಿಗೆ ಗೊಬ್ಬರವಾಯಿತು.

ಈ ದ್ವೀಪದ ಚರಿತ್ರೆಯಲ್ಲಿ 1,500 ಎಂಬ ಸಂಖ್ಯೆಗೆ ವಿಶೇಷ ಸ್ಥಾನವಿದೆ. 1920ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ 230 ಮಂದಿ ಸತ್ತು, ನೌರು ಜನಾಂಗವೇ ಅಳಿದೀತೆಂಬ ಭಯ ಹುಟ್ಟಿತು. ಜನಾಂಗ ಉಳಿಯಬೇಕಾದರೆ ಕನಿಷ್ಠ 1,500 ಮಂದಿ ಇರಬೇಕು, ಆ ಸಂಖ್ಯೆ ಮುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸಬೇಕು ಎಂದು ತೀರ್ಮಾನವಾಯಿತು. ಹುಟ್ಟುವ ಪ್ರತಿ ಮಗುವೂ ಊರಿನ ಲೆಕ್ಕಕ್ಕೆ ಸೇರುತ್ತಿತ್ತು. 1932ರ ಅಕ್ಟೋಬರ್ 26ರಂದು ಎಯ್ಡೆಗೆನೆಗೆನ್ ಎಯ್ಡಗರುವೊ ಎಂಬ ಹೆಣ್ಣುಮಗು ಹುಟ್ಟಿದಾಗ ಲೆಕ್ಕ ಪೂರ್ತಿಯಾಯಿತು. ಆ ದಿನಕ್ಕೆ ಆಂಗಾಮ್ ಎಂದು ಹೆಸರು. ಆ ಕೂಸು ಇಡೀ ದ್ವೀಪಕ್ಕೆ ಆಂಗಾಮ್ ಮಗು. ಹತ್ತು ವರ್ಷ ತುಂಬುವ ಮೊದಲೇ ಅವಳ ಊರಿಗೆ ಯುದ್ಧ ಬಂತು.

ಮೊದಲ ಪೆಟ್ಟು ಜಪಾನಿನದಲ್ಲ. 1940ರ ಡಿಸೆಂಬರ್‌ನಲ್ಲಿ ಜರ್ಮನ್ ದಾಳಿ ಹಡಗುಗಳು ನೌರು ಬಳಿ ಫಾಸ್ಫೇಟ್ ಹಡಗುಗಳನ್ನು ಮುಳುಗಿಸಿದವು. ತಿಂಗಳ ಕೊನೆಗೆ ಅವುಗಳಲ್ಲೊಂದು ಗಣಿಯ ಸ್ಥಾವರಗಳ ಮೇಲೆ ಗುಂಡು ಸುರಿಸಿತು. ಮುಂದಿನ ಡಿಸೆಂಬರ್‌ನಲ್ಲಿ ಜಪಾನಿ ವಿಮಾನಗಳು ಬಾಂಬ್ ಹಾಕಿದವು. 1942ರ ಫೆಬ್ರುವರಿಯಲ್ಲಿ ಸ್ವತಂತ್ರ ಫ್ರೆಂಚರ ಯುದ್ಧನೌಕೆ ಲ ತ್ರಿಯೋಂಫಾಂ ಬಂದು ಬಿಳಿಯರನ್ನೂ ಚೀನೀ ಗಣಿ ಕೂಲಿಗಳಲ್ಲಿ ಬಹುಪಾಲು ಮಂದಿಯನ್ನೂ ಕರೆದೊಯ್ದಿತು. ನೌರು ಜನರಿಗೆ ಆ ಹಡಗಿನಲ್ಲಿ ಜಾಗವಿರಲಿಲ್ಲ. ಆಡಳಿತಾಧಿಕಾರಿ ಫ್ರೆಡೆರಿಕ್ ಚಾಮರ್ಸ್ ಮತ್ತು ಇನ್ನು ನಾಲ್ವರು ಆಸ್ಟ್ರೇಲಿಯನ್ನರು ಜನರೊಂದಿಗೇ ಉಳಿದರು. ಜಪಾನಿ ನೌಕಾಪಡೆ 1942ರ ಆಗಸ್ಟ್ 26ರಂದು ದಡ ಹತ್ತಿತು. ಮರುವರ್ಷದ ಮಾರ್ಚ್‌ನಲ್ಲಿ ಅಮೆರಿಕನ್ ವಿಮಾನಗಳು ದಾಳಿ ಮಾಡಿದ ರಾತ್ರಿ ಜಪಾನಿಯರು ಆ ಐವರನ್ನೂ ಕೊಂದರು. ಕೊಲೆಯ ಅಪರಾಧಕ್ಕೆ ಜಪಾನಿ ಅಧಿಕಾರಿ ನಾಕಾಯಾಮಾನನ್ನು ಯುದ್ಧಾನಂತರ ರಬೌಲ್‌ನಲ್ಲಿ ಗಲ್ಲಿಗೇರಿಸಲಾಯಿತು.

ಜಪಾನಿಗೆ ಬೇಕಿದ್ದದ್ದು ಫಾಸ್ಫೇಟ್ ಮತ್ತು ವಿಮಾನ ನಿಲ್ದಾಣ. ಫಾಸ್ಫೇಟ್ ಸಿಗಲಿಲ್ಲ, ಸ್ಥಾವರಗಳು ಹಾಳಾಗಿದ್ದವು. ನಿಲ್ದಾಣಕ್ಕಾಗಿ ನೌರು ಗಂಡಸರು, ಕೊರಿಯನ್ನರು, ಉಳಿದ ಚೀನೀಯರು ಮತ್ತು ಗಿಲ್ಬರ್ಟ್ ದ್ವೀಪದವರು ಬಿಟ್ಟಿ ದುಡಿದರು. ಕಡಲಂಚಿನ ಪಟ್ಟಿಯಲ್ಲೇ ಓಡುದಾರಿ ಬರಬೇಕಾದ್ದರಿಂದ ಬಲಿಯಾದದ್ದು ಜನ ಬದುಕುತ್ತಿದ್ದ ನೆಲವೇ. 1943ರ ಆರಂಭದಲ್ಲಿ ಅದು ಸಿದ್ಧವಾಯಿತು, ಸಿದ್ಧವಾದೊಡನೆ ಬಾಂಬಿಗೆ ಗುರಿಯೂ ಆಯಿತು. ನೌರುವಿನ ಇಂದಿನ ವಿಮಾನ ನಿಲ್ದಾಣದ ಓಡುದಾರಿಯ ಮೂಲ ಅದೇ.

ಇಷ್ಟು ಸಣ್ಣ ನೆಲದಲ್ಲಿ ಸಾವಿರಾರು ಸೈನಿಕರು ಬಂದು ತುಂಬಿದಾಗ ಉಣ್ಣುವ ಬಾಯಿಗಳ ಲೆಕ್ಕ ತಪ್ಪಿತು. ಸೇನೆ ಕಂಡುಕೊಂಡ ದಾರಿ, ದ್ವೀಪದವರನ್ನೇ ಹೊರಗೆ ಸಾಗಿಸುವುದು. 1943ರ ಮಧ್ಯದಲ್ಲಿ ಸುಮಾರು 1,200 ನೌರು ಜನರನ್ನು 1,600 ಕಿ.ಮೀ.ಗೂ ಹೆಚ್ಚು ದೂರದ ಟ್ರಕ್ ದ್ವೀಪಸಮೂಹಕ್ಕೆ ಹಡಗಿನಲ್ಲಿ ಒಯ್ದರು. ಉಳಿದ ಸುಮಾರು 600 ಮಂದಿ ಊರಲ್ಲೇ ಬಾಕಿಯಾದರು, ಮನೆಮನೆಗಳು ಇಬ್ಭಾಗವಾದವು. ಅದೇ ವರ್ಷ ಬನಾಬಾದ ಒಂದು ಗುಂಪನ್ನು ತಂದು ನೌರುವಿನಲ್ಲಿ ಇಳಿಸಿದ್ದನ್ನು ನೋಡಿದರೆ, ಸೇನೆಯ ಕಣ್ಣಿಗೆ ದ್ವೀಪವಾಸಿಗಳು ಎತ್ತಿಡುವ ಸಾಮಾನಿನಂತೆ ಕಂಡರೆನ್ನದೆ ಬೇರೆ ಮಾತಿಲ್ಲ. ಎಲ್ಲಕ್ಕಿಂತ ಘೋರವಾದದ್ದು ಕುಷ್ಠರೋಗಿಗಳ ಹತ್ಯೆ. ಪ್ರತ್ಯೇಕ ವಸತಿಯಲ್ಲಿದ್ದ 39 ರೋಗಿಗಳನ್ನು ಬೇರೆಡೆಗೆ ಕರೆದೊಯ್ಯುವುದಾಗಿ ನಂಬಿಸಿ ದೋಣಿಯಲ್ಲಿ ಕೂರಿಸಿ, ಸಮುದ್ರದ ನಡುವೆ ಗುಂಡಿಕ್ಕಿ ಮುಳುಗಿಸಿದರು.

1943ರ ನವೆಂಬರ್‌ನಲ್ಲಿ ಅಮೆರಿಕನ್ನರು ಗಿಲ್ಬರ್ಟ್ ದ್ವೀಪಗಳ ತರಾವಾ ಗೆದ್ದರು, ಆದರೆ ನೌರುವಿನಲ್ಲಿ ಇಳಿಯದೆ ಮುಂದೆ ಸಾಗಿದರು. ಸೇನಾ ಲೆಕ್ಕಾಚಾರದಲ್ಲಿ ಇದು ಜಾಣತನ. ದ್ವೀಪದಲ್ಲಿದ್ದವರಿಗೆ ಇದರರ್ಥ ಹಸಿವು. ಸರಕಿನ ಹಡಗುಗಳು ನಿಂತವು. ಬಾಂಬುಗಳು ಮಾತ್ರ ಬರುತ್ತಲೇ ಇದ್ದವು.

ಆಗ ಜನರನ್ನು ಬದುಕಿಸಿದ್ದು ಕುಂಬಳ ಮತ್ತು ಕಳ್ಳು. ಕುಂಬಳದ ಕೃಷಿ ಜಪಾನಿ ಸೇನೆ ಹೇರಿದ್ದು. ನೆಲದಲ್ಲಿ ಒಳ್ಳೆಯ ಮಣ್ಣಿಲ್ಲದ್ದರಿಂದ ಖಾಲಿ ಎಣ್ಣೆ ಡ್ರಮ್ಮುಗಳನ್ನು ಅರ್ಧಕ್ಕೆ ಕತ್ತರಿಸಿ, ಸಿಕ್ಕಷ್ಟು ಮಣ್ಣು ತುಂಬಿ, ಬೀಜ ಹಾಕಿದರು. ಗೊಬ್ಬರಕ್ಕೆ ದನವಿಲ್ಲ, ಸಗಣಿಯಿಲ್ಲ; ಮನುಷ್ಯರ ಮಲವನ್ನೇ ಹಾಕಬೇಕಾಯಿತು. ಗೊಬ್ಬರದ ಗುಡ್ಡೆಯ ಮೇಲೇ ಕುಳಿತ ದ್ವೀಪಕ್ಕೆ ಈ ಗತಿ ಬಂದದ್ದು ಯುದ್ಧದ ವಿಪರೀತ. ಬಳ್ಳಿ ಹಬ್ಬಿತು, ಕಾಯಿ ಬಿಟ್ಟಿತು. ಊಟವೆಂದರೆ ಕುಂಬಳ ಎಂಬಂತಾಯಿತು. ಆದರೆ ಹಸಿ ಮಲದ ಜತೆಗೆ ನೊಣ ಬಂತು, ನೊಣದ ಜತೆಗೆ ರಕ್ತಭೇದಿ.

ಕಳ್ಳು ನೌರು ಜನರದೇ ಹಳೆಯ ವಿದ್ಯೆ. ಇನ್ನೂ ಬಿಚ್ಚದ ತೆಂಗಿನ ಹೊಂಬಾಳೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ, ಬಾಗಿಸಿ, ತುದಿಯನ್ನು ತೆಳ್ಳಗೆ ಕೊಯ್ದರೆ ರಸ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಸಂಜೆ ಮರ ಹತ್ತಿ ಪಾತ್ರೆ ಬದಲಿಸಬೇಕು, ಪ್ರತಿಸಲ ತುದಿಯನ್ನು ಮತ್ತೆ ಹೊಸದಾಗಿ ಸವರಬೇಕು. ಒಂದು ದಿನ ಬಿಟ್ಟರೂ ಗಾಯ ಕಟ್ಟಿ ರಸ ನಿಲ್ಲುತ್ತದೆ. ತಾಜಾ ಇದ್ದಾಗ ಸಿಹಿ ನೀರಾ, ಕಾಯಿಸಿದರೆ ಪಾಕ, ಬಿಟ್ಟರೆ ಹುಳಿ ಕಳ್ಳು. ಯುದ್ಧಕ್ಕೆ ಮುಂಚೆ ಆಡಳಿತ ಹುಳಿ ಕಳ್ಳನ್ನು ನಿಷೇಧಿಸಿದಾಗ ಎಳೆಯ ಮಕ್ಕಳು ಬೆರಿಬೆರಿಯಿಂದ ಸತ್ತಿದ್ದರು. ಬಾಣಂತಿಯರಿಗೆ ಬಿ1 ಜೀವಸತ್ವ ಸಿಗುತ್ತಿದ್ದದ್ದು ಆ ಕಳ್ಳಿನ ಯೀಸ್ಟ್‌ನಿಂದಲೇ. ಮೇಲಿನವರಿಗೆ ಕೇವಲ ಅಮಲಾಗಿ ಕಂಡದ್ದು ತಾಯಂದಿರಿಗೆ ಅನ್ನವಾಗಿತ್ತು. ಅಕ್ಕಿ ಬರುವುದು ನಿಂತ ವರ್ಷಗಳಲ್ಲಿ ಈ ಮರಗಳು ಮತ್ತೊಮ್ಮೆ ಕೈಹಿಡಿದವು. ಬರೆದಿಟ್ಟ ಯುದ್ಧಚರಿತ್ರೆಗಳಲ್ಲಿ ವಿಮಾನಗಳ ಲೆಕ್ಕ ಸಿಗುವಷ್ಟು ಸುಲಭವಾಗಿ ಈ ಮರ ಹತ್ತಿದವರ ಸುದ್ದಿ ಸಿಗುವುದಿಲ್ಲ. ಹಾಗೆ ಬಿಟ್ಟುಹೋಗಬೇಕಾದ ಸುದ್ದಿ ಇದಲ್ಲ.

ಟ್ರಕ್‌ಗೆ ಹೋದವರ ಪಾಡು ಇನ್ನೂ ಕಠಿಣ. ಅಲ್ಲಿ ತಮ್ಮ ಮರಗಳಿಲ್ಲ, ತಮ್ಮ ದಂಡೆಯಿಲ್ಲ. ಸೇನೆಗಾಗಿ ದುಡಿಯಬೇಕು, ಹೊಟ್ಟೆಗೆ ತಾವೇ ನೋಡಿಕೊಳ್ಳಬೇಕು. 1944ರ ಫೆಬ್ರುವರಿಯಲ್ಲಿ ಅಮೆರಿಕನ್ ನೌಕಾಪಡೆಯ ವಿಮಾನಗಳು ಟ್ರಕ್ ಬಂದರನ್ನು ನುಚ್ಚುನೂರು ಮಾಡಿದ ಮೇಲೆ ಅಲ್ಲಿಗೂ ಸರಕು ಬರುವುದು ನಿಂತಿತು. ಅವರನ್ನು ಒಂದಾಗಿ ಹಿಡಿದಿಟ್ಟವರು ಮುಖಂಡರಾಗಿದ್ದ ತಿಮೋತಿ ಡೆಟುಡಾಮೊ. ನೌರು ಭಾಷೆಗೆ ವ್ಯಾಕರಣ ಬರೆದ ಕ್ಯಾಥೊಲಿಕ್ ಪಾದ್ರಿ ಅಲೋಯ್ಸ್ ಕೈಸರ್ ಗಡಿಪಾರಾದ ತಮ್ಮ ಜನರೊಂದಿಗಿದ್ದು 1944ರಲ್ಲಿ ಅಲ್ಲಿಯೇ ತೀರಿಕೊಂಡರು. ಆಂಗಾಮ್ ಮಗುವೂ ಟ್ರಕ್‌ಗೆ ಹೋದವರಲ್ಲಿ ಒಬ್ಬಳು. ಅವಳು ಮರಳಲಿಲ್ಲ.

1945ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ನೌಕೆ ಡಯಮಂಟೀನಾದ ಮೇಲೆ ನೌರುವಿನ ಜಪಾನಿ ದಳಪತಿ ಶರಣಾದ. ಟ್ರಕ್‌ನಲ್ಲಿದ್ದವರು ಮನೆ ಸೇರಲು ಇನ್ನೂ ನಾಲ್ಕು ತಿಂಗಳು ಕಾಯಬೇಕಾಯಿತು. 1946ರ ಜನವರಿ 31ರಂದು ಟ್ರೀಂಜಾ ಎಂಬ ಫಾಸ್ಫೇಟ್ ಹಡಗು 737 ಮಂದಿಯನ್ನು ದಡಕ್ಕೆ ತಂದಿತು. ಹೋದವರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಊರು ಬಾಂಬಿಗೆ ಹಾಳಾಗಿತ್ತು, ಜನಸಂಖ್ಯೆ ಮತ್ತೆ 1,500ರ ಕೆಳಗೆ ಇಳಿದಿತ್ತು. ಎಣಿಕೆ ಮೊದಲಿನಿಂದ ಶುರುವಾಯಿತು. 1949ರ ಮಾರ್ಚ್ 31ರಂದು ಇನ್ನೊಂದು ಮಗು ಹುಟ್ಟಿ ಆ ಸಂಖ್ಯೆ ಎರಡನೆಯ ಸಲ ತುಂಬಿತು. ಹಾಗಿದ್ದರೂ ಹಬ್ಬದ ದಿನ ಬದಲಾಗಲಿಲ್ಲ. ಮೊದಲ ಮಗು ಹುಟ್ಟಿದ ಅಕ್ಟೋಬರ್ 26ರಂದೇ ಆಂಗಾಮ್ ನಡೆಯುತ್ತದೆ.

1968ರಲ್ಲಿ ನೌರು ಸ್ವತಂತ್ರವಾದಾಗ ಅದಕ್ಕೆ ಆರಿಸಿಕೊಂಡ ದಿನ ಜನವರಿ 31, ಟ್ರಕ್‌ನಿಂದ ಹಡಗು ಬಂದ ದಿನ. ಮೊದಲ ಅಧ್ಯಕ್ಷರಾದ ಹ್ಯಾಮರ್ ಡಿರೋಬರ್ಟ್ ಸ್ವತಃ ಟ್ರಕ್‌ನಿಂದ ಬದುಕಿ ಬಂದವರು.