ಕ್ಲಚ್ ಹೋಯಿತು, ಕೆಲಸ ಬಲಗಾಲಿಗೆ ಬಂತು

‘ಕ್ಲಚ್ಚೇ ಇಲ್ಲಲ್ರಿ, ಯಾರ್ ಬೇಕಾದ್ರೂ ಹೊಡೀಬಹುದು’ ಎಂಬುದು ಕಲಬುರಗಿಯಲ್ಲಿ ಆಟೊಮ್ಯಾಟಿಕ್ ಕಾರು ಕೊಂಡವರ ಮನೆಯಲ್ಲಿ ಮೊದಲು ಕೇಳುವ ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ (ಕ್ಲಚ್ಚು, ಗೇರು ಎರಡನ್ನೂ ಯಂತ್ರವೇ ನಿಭಾಯಿಸುವ) ಗೇರ್‌ಬಾಕ್ಸ್ ಹೊತ್ತು ಬಂದ ಮೇಲೆ ಸಣ್ಣ ಬಜೆಟ್ಟಿನವರಿಗೂ ಇಂಥ ಗಾಡಿ ಕೈಗೆಟುಕಿತು. ಮಾತು ಅರ್ಧ ನಿಜ. ಗೇರ್ ಬದಲಿಸುವ ಕೆಲಸ ಯಂತ್ರಕ್ಕೆ ಹೋಗಿದೆ. ಗಾಡಿ ಹಿಡಿದು ನಿಲ್ಲಿಸುವ ಕೆಲಸ ಮಾತ್ರ ಪೂರ್ತಿ ನಿಮ್ಮ ಬಲಗಾಲಿನದು.

ಸೂಪರ್ ಮಾರ್ಕೆಟ್ ಪ್ರದೇಶದ ಸಂಜೆಯ ಗದ್ದಲದಲ್ಲಿ ಇದು ಗೊತ್ತಾಗುತ್ತದೆ. ‘ಡಿ’ (ಡ್ರೈವ್)ಯಲ್ಲಿದ್ದ ಗಾಡಿ ಬ್ರೇಕ್ ಬಿಟ್ಟ ಕೂಡಲೇ ತಾನಾಗಿಯೇ ತೆವಳುತ್ತದೆ. ಆಟೊ, ಬೈಕುಗಳ ನಡುವೆ ಆ ತೆವಳಿಕೆಯೇ ಸಾಕು, ಆಕ್ಸಿಲರೇಟರ್ ಮುಟ್ಟುವುದೇ ಬೇಡ. ಪಾದ ಬ್ರೇಕಿನ ಮೇಲೇ ಇರಲಿ. ಎಡಗಾಲನ್ನು ಪಕ್ಕಕ್ಕೆ ಇಟ್ಟು ಮರೆತುಬಿಡಬೇಕು. ವರ್ಷಗಟ್ಟಲೆ ಕ್ಲಚ್ ತುಳಿದ ಕಾಲು ಗಾಬರಿಯಲ್ಲಿ ಅದೇ ಜೋರಿನಿಂದ ಬ್ರೇಕ್ ತುಳಿದರೆ ಗಾಡಿ ಗಕ್ಕನೆ ನಿಲ್ಲುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಹೊಸಬರ ದೊಡ್ಡ ಅಪಾಯ ಬೇರೆ: ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತುವುದು. ಮ್ಯಾನುಯಲ್ ಗಾಡಿಯಲ್ಲಿ ಗಾಬರಿಯಾದರೆ ಕ್ಲಚ್ ತುಳಿದು ಚಕ್ರಕ್ಕೆ ಹೋಗುವ ಬಲ ತಪ್ಪಿಸಬಹುದು; ಇಲ್ಲಿ ಆ ದಾರಿಯಿಲ್ಲ. ಕಲಿಯುವವರು ಮೊದಲು ಖಾಲಿ ಮೈದಾನದಲ್ಲಿ ತೆವಳಿಕೆ, ಬ್ರೇಕು ಎರಡನ್ನೇ ಅಭ್ಯಾಸ ಮಾಡಲಿ.

ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದತ್ತ ಹೊರಟರೆ ಪಾಠ ಬದಲಾಗುತ್ತದೆ. ತೊಗರಿ ಸುಗ್ಗಿಯಲ್ಲಿ ಚೀಲ ಹೇರಿಕೊಂಡು, ಹಿಂದೆ ಕೆಂಪು ದೀಪವೂ ಇಲ್ಲದೆ ಸಾಗುವ ಟ್ರ್ಯಾಕ್ಟರ್ ಈ ಭಾಗದವರಿಗೆ ಹೊಸತಲ್ಲ. ಡಿವೈಡರ್ ಇಲ್ಲದ ಕಡೆ ಅದನ್ನು ಹಿಂದೆ ಹಾಕುವಾಗ ಎಎಂಟಿ ಗಾಡಿ ಗೇರ್ ಬದಲಿಸಲು ಅರೆಕ್ಷಣ ತಡೆಯುತ್ತದೆ. ಎದುರಿಗೆ ಲಾರಿ ಬರುವ ಹೊತ್ತಿನಲ್ಲಿ ಆ ಅರೆಕ್ಷಣ ಬಹಳ ದುಬಾರಿ. ಓವರ್‌ಟೇಕ್‌ಗೆ ಹೊರಳುವ ಮೊದಲೇ ‘ಎಂ’ಗೆ (ಮ್ಯಾನುಯಲ್) ಹಾಕಿ ಒಂದು ಗೇರ್ ಇಳಿಸಿಕೊಳ್ಳಿ. ಅನುಮಾನ ಬಂದರೆ ಟ್ರ್ಯಾಕ್ಟರ್ ಹಿಂದೆಯೇ ಇರಿ. ಕಮಲಾಪುರ ಎಲ್ಲಿಗೂ ಓಡಿಹೋಗುವುದಿಲ್ಲ.

ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿಯೇ ಗಾಡಿ ತಡೆದು ನಿಲ್ಲಿಸುವವರಿದ್ದಾರೆ. ಎಎಂಟಿಯ ಒಳಗಿರುವುದು ಮಾಮೂಲಿ ಕ್ಲಚ್ ಪ್ಲೇಟೇ. ತುಳಿಯುವುದು ಯಂತ್ರ, ಅಷ್ಟೆ. ಹೀಗೆ ಮಾಡಿದರೆ ಅದು ಉಜ್ಜಿ ಕಾಯುತ್ತದೆ, ಕಲಬುರಗಿಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಬ್ರೇಕ್ ಅಥವಾ ಹ್ಯಾಂಡ್‌ಬ್ರೇಕ್ ಹಿಡಿಯಿರಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ‘ಎನ್’ಗೆ (ನ್ಯೂಟ್ರಲ್) ಹಾಕುವುದು ಇನ್ನೊಂದು ಕೆಟ್ಟ ಚಟ. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಕಾಲು ತೆಗೆದರೆ ಇಂಧನವನ್ನು ತಾವೇ ನಿಲ್ಲಿಸುತ್ತವೆ. ‘ಎನ್’ನಲ್ಲಿ ಎಂಜಿನ್ ಬ್ರೇಕೂ ಇಲ್ಲ, ಉಳಿತಾಯವೂ ಇಲ್ಲ.

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ರಸ್ತೆ ಬದಿ ಗೊನೆ ಕಂಡರೆ ಯಾರಾದರೂ ನಿಲ್ಲುವವರೇ. ಎಂಜಿನ್ ಚಾಲೂ ಇಟ್ಟು, ಗೇರ್ ‘ಡಿ’ಯಲ್ಲೇ ಬಿಟ್ಟು, ಹಣ್ಣಿನ ರೇಟು ಕೇಳಲು ಕಾಲು ಹೊರಗಿಟ್ಟರೆ ಗಾಡಿ ಮಕ್ಕಳನ್ನು ಕೂರಿಸಿಕೊಂಡೇ ಹೊರಡುತ್ತದೆ. ಬ್ರೇಕ್ ಬಿಡದೆ ‘ಎನ್’ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಬಳಿಕ ‘ಪಿ’ಗೆ (ಪಾರ್ಕಿಂಗ್) ಹಾಕಿ ಎಂಜಿನ್ ಆರಿಸಿ. ‘ಪಿ’ಯಲ್ಲಿ ಗಾಡಿ ತಡೆಯುವುದು ಒಂದು ಸಣ್ಣ ಲೋಹದ ಕೊಕ್ಕೆ, ಹ್ಯಾಂಡ್‌ಬ್ರೇಕ್ ಮೊದಲು ಹಾಕಿದರೆ ಭಾರ ಅದರ ಮೇಲೆ ಬೀಳುವುದಿಲ್ಲ. ಅನೇಕ ಎಎಂಟಿಗಳಲ್ಲಿ ‘ಪಿ’ಯೇ ಇರುವುದಿಲ್ಲ. ಅವುಗಳಲ್ಲಿ ಗೇರಿನಲ್ಲೇ ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಹಾಕಬೇಕು.

ಗಾಡಿ ದಾರಿಯಲ್ಲಿ ಕೆಟ್ಟರೆ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿಸಿ ಎಳೆಸುವುದು ನಮ್ಮ ಕಡೆಯ ರೂಢಿ. ಹಲವು ಆಟೊಮ್ಯಾಟಿಕ್‌ಗಳಲ್ಲಿ ಎಂಜಿನ್ ಬಂದಾಗಿದ್ದಾಗ ಗೇರ್‌ಬಾಕ್ಸ್‌ಗೆ ಎಣ್ಣೆ ಹರಿಯುವುದಿಲ್ಲ. ಚಕ್ರ ಉರುಳಿದರೆ ಒಳಗಿನ ಭಾಗ ಸವೆದು ಸಾವಿರಾರು ರೂಪಾಯಿ ಖರ್ಚು. ಗ್ಲೋವ್ ಬಾಕ್ಸ್‌ನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಬಿದ್ದಿರುವ ಪುಸ್ತಕದಲ್ಲಿ ಗಾಡಿ ಎಳೆಸುವ ಬಗೆಗೇ ಒಂದು ಪುಟವಿದೆ. ಮುಂದಿನ ಬಾರಿ ಊರು ಬಿಡುವ ಮೊದಲು ಅದೊಂದನ್ನಾದರೂ ಓದಿಕೊಳ್ಳಿ.